ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಡಿಸ್ಟ್ರೋ ಬದಲಿಸುವ ಮುಂಚೆ ಸ್ಕ್ರೂಡ್ರೈವರ್ ಹಿಡಿಯಿರಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. 2012ರದ್ದು. ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ದೊಡ್ಡಪ್ಪ ಮಾಟುಂಗದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು, ಈಗ ಮನೆಯಲ್ಲೇ. ಬೆಳಗ್ಗೆ ಪೇಪರ್ ಓದುವುದು, ಮಧ್ಯಾಹ್ನ ಯೂಟ್ಯೂಬಿನಲ್ಲಿ ಯಕ್ಷಗಾನ, ಸಂಜೆ ಊರಿನ ದೇವಸ್ಥಾನದ ಚಂದಾ ಲೆಕ್ಕ. ಅವರ ಕಂಪ್ಯೂಟರ್ ಕೆಲಸ ಇಷ್ಟೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಈ ಮಷೀನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. "ಲಿನಕ್ಸ್ ಹಾಕಿಬಿಡೋ, ಹಳೇದಕ್ಕೆ ಅದೇ ಒಳ್ಳೇದಂತಲ್ಲ" ಅಂದರು ದೊಡ್ಡಪ್ಪ.

ಹಾಕಿದೆ. ನಿಧಾನ. ಇನ್ನೊಂದು ಡಿಸ್ಟ್ರೋ (ವಿಂಡೋಸ್ ಬದಲಿಗೆ ಹಾಕುವ ಲಿನಕ್ಸಿನ ಒಂದೊಂದು ಬಗೆಗೆ ಈ ಹೆಸರು) ಹಾಕಿದೆ. ಅದೂ ನಿಧಾನ. ಒಂದೇ ವಾರದಲ್ಲಿ ನಾಲ್ಕು ಬದಲಾಯಿಸಿದೆ, ಪ್ರತಿ ಸಲ ಮೊದಲಿಗಿಂತ ಹಗುರವಾದದ್ದು. ಫೈರ್‌ಫಾಕ್ಸ್ ತೆರೆಯಲು ಅಷ್ಟೇ ಹೊತ್ತು. ಕೊನೆಗೆ ದೊಡ್ಡಪ್ಪನೇ ಹೇಳಿದರು: "ನೀನು ಅಂಗಿ ಬದಲಾಯಿಸ್ತಾ ಇದ್ದೀಯ ಮಾರಾಯ, ಜ್ವರ ಹಾಗೇ ಇದೆ." ಆಮೇಲೆ ಹಾರ್ಡ್‌ಡಿಸ್ಕ್ ಪರೀಕ್ಷೆ ಮಾಡಿದೆ. ಅದು ಸಾಯುವುದಕ್ಕೆ ದಿನ ಎಣಿಸುತ್ತಿತ್ತು.

ಹಳೇ ಮಷೀನ್ ನಿಧಾನವಾಗಲು ಡಿಸ್ಟ್ರೋ ಕಾರಣವಾಗಿರುವುದು ಕಡಿಮೆ. ಡಿಸ್ಕ್, ಬಿಸಿ, ರ‍್ಯಾಮ್, ಬ್ರೌಸರ್: ಈ ನಾಲ್ಕು ಕಾರಣವಾಗಿರುವುದೇ ಜಾಸ್ತಿ. ಅದಕ್ಕೇ ಈ ಲೇಖನದಲ್ಲಿ ಡಿಸ್ಟ್ರೋ ನಾಲ್ಕನೇ ಹೆಜ್ಜೆಗೆ ಬರುತ್ತದೆ. ಕಮಾಂಡ್, ಪ್ಯಾಕೇಜ್ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

1. ಮಷೀನಿನ ಜಾತಕ ನೋಡಿ

ಮೂರು ಸಂಗತಿ ಗೊತ್ತಾಗಬೇಕು. ಸಿಪಿಯು 64 ಬಿಟ್ಟೋ 32 ಬಿಟ್ಟೋ, ರ‍್ಯಾಮ್ ಎಷ್ಟು, ಒಳಗಿರುವುದು ಹಾರ್ಡ್‌ಡಿಸ್ಕೋ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯೋ. ಈಗಾಗಲೇ ಯಾವುದಾದರೂ ಲಿನಕ್ಸ್ ಇದ್ದರೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 'ಎಲ್‌ಎಸ್‌ಸಿಪಿಯು' ಕೊಡಿ. ಮೇಲಿನ ಸಾಲುಗಳಲ್ಲೇ '32-ಬಿಟ್, 64-ಬಿಟ್' ಎಂದು ಎರಡೂ ಕಂಡರೆ 64 ಬಿಟ್ ಸಿಸ್ಟಮ್ ಓಡುತ್ತದೆ. ಬರೀ 32 ಕಂಡರೆ ಒಂಬತ್ತನೇ ಹೆಜ್ಜೆಗೆ ಹೋಗಿ, ನಿಮ್ಮ ದಾರಿ ಬೇರೆ.

ಹೆಸರಿನ ಮೇಲೆ ಅಳೆಯುವುದಾದರೆ: ಕೋರ್ 2 ಡ್ಯುಯೋ 64 ಬಿಟ್. ಅದಕ್ಕಿಂತ ಮುಂಚೆ ಬಂದ, '2' ಇಲ್ಲದ ಕೋರ್ ಡ್ಯುಯೋ 32 ಬಿಟ್. ಒಂದು ಕಾಲಕ್ಕೆ ಎಲ್ಲರ ಕೈಯಲ್ಲಿದ್ದ ಪುಟಾಣಿ ನೆಟ್‌ಬುಕ್‌ಗಳ ಆಟಮ್ ಎನ್270 ಕೂಡ 32 ಬಿಟ್ಟೇ. ಎನ್450 ಆದರೆ 64.

ಇನ್ನೊಂದು ಸಣ್ಣ ಬಲೆ ಇದೆ. 64 ಬಿಟ್ ಎಂದ ಮಾತ್ರಕ್ಕೆ ಎಲ್ಲ ಡಿಸ್ಟ್ರೋ ಓಡುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ 2008ರ ಇಂಟೆಲ್ ನೆಹಾಲೆಮ್ ಚಿಪ್ಪಿನ ಮಟ್ಟದ ಸೂಚನೆಗಳು ಸಿಪಿಯುನಲ್ಲಿ ಬೇಕು. 10ನೇ ಆವೃತ್ತಿಗೆ 2013ರ ಹ್ಯಾಸ್ವೆಲ್ ಮಟ್ಟದ್ದು ಬೇಕು. ಕೋರ್ 2 ಡ್ಯುಯೋ ಎರಡಕ್ಕೂ ಹೊರಗೆ. ಡೆಬಿಯನ್, ಮಿಂಟ್ ಎಂಬ ಡಿಸ್ಟ್ರೋಗಳು ಹೀಗೆ ಗೇಟು ಹಾಕಿಲ್ಲ.

2. ಡಿಸ್ಕಿನ ನಾಡಿ ಹಿಡಿಯಿರಿ

ನಾನು ಬಿಟ್ಟ ಹೆಜ್ಜೆ ಇದೇ. ಫೋಟೋ, ಕಾಗದಪತ್ರ ಎಲ್ಲವನ್ನೂ ಮೊದಲು ಬೇರೆ ಕಡೆ ಕಾಪಿ ಮಾಡಿ. ಪರೀಕ್ಷೆ ಆಮೇಲೆ. ಸಾಯುತ್ತಿರುವ ಡಿಸ್ಕ್ ಪರೀಕ್ಷೆಯ ನಡುವೆಯೇ ಕೈಕೊಡುವುದುಂಟು.

'ಡಿಸ್ಕ್ಸ್' ಎಂಬ ಅಪ್ಲಿಕೇಶನ್ ತೆರೆಯಿರಿ. ಮಿಂಟ್‌ನಲ್ಲಿ ಅದು ಜೊತೆಗೇ ಬರುತ್ತದೆ. ಬಲಮೇಲಿನ ಮೂರು ಚುಕ್ಕೆ ಒತ್ತಿ 'ಸ್ಮಾರ್ಟ್ ಡೇಟಾ' ಆರಿಸಿ. ಉದ್ದದ ಪಟ್ಟಿ ಬರುತ್ತದೆ. ಎಲ್ಲ ನೋಡಬೇಕಿಲ್ಲ. 'ರೀಅಲೊಕೇಟೆಡ್ ಸೆಕ್ಟರ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎರಡೇ ಸಾಲು ಸಾಕು. ಎರಡೂ ಸೊನ್ನೆ ಇದ್ದರೆ ನೆಮ್ಮದಿ. ಮೊದಲನೆಯದು ಸ್ವಲ್ಪ ಇದ್ದು, ವಾರ ಕಳೆದರೂ ಏರದಿದ್ದರೆ ಸದ್ಯಕ್ಕೆ ನಡೆಯುತ್ತದೆ. ಪೆಂಡಿಂಗ್ ಸೊನ್ನೆಗಿಂತ ಜಾಸ್ತಿ ಇದ್ದರೆ ಡಿಸ್ಕಿನಿಂದ ಓದಲಾಗದ ಜಾಗಗಳಿವೆ ಎಂದರ್ಥ. ಅಂಥ ಜಾಗ ಸಿಕ್ಕಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತದೆ, ಅಷ್ಟು ಹೊತ್ತು ಇಡೀ ಸಿಸ್ಟಮ್ ಹ್ಯಾಂಗ್ ಆದಂತೆ ನಿಲ್ಲುತ್ತದೆ. ದೊಡ್ಡಪ್ಪನ ಮಷೀನಿನಲ್ಲಿ ಆಗುತ್ತಿದ್ದದ್ದು ಇದೇ. ಇದಕ್ಕೆ ಯಾವ ಡಿಸ್ಟ್ರೋ ಏನು ಮಾಡೀತು?

3. ಮುಚ್ಚಳ ಬಿಚ್ಚಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ವೇಗ ಸಿಗುವುದು ಇಲ್ಲೇ.

ಮೊದಲು ಎಸ್‌ಎಸ್‌ಡಿ. ಲ್ಯಾಪ್‌ಟಾಪಿನ 5400 ಸುತ್ತಿನ ಹಾರ್ಡ್‌ಡಿಸ್ಕ್ ಅಲ್ಲಲ್ಲಿ ಚದುರಿದ ಚೂರುಗಳನ್ನು ಸೆಕೆಂಡಿಗೆ ನೂರು ಸಲ ಹುಡುಕಿ ತರುವುದೂ ಕಷ್ಟ. ಎಸ್‌ಎಸ್‌ಡಿಯಲ್ಲಿ ಮುಳ್ಳು ಓಡಾಡುವ ಮಾತೇ ಇಲ್ಲ, ಸಾವಿರಗಟ್ಟಲೆ ಸಲ ತರುತ್ತದೆ. ಸಿಸ್ಟಮ್ ಶುರುವಾಗುವುದು, ಬ್ರೌಸರ್ ತೆರೆಯುವುದು ಎಲ್ಲವೂ ಇಂಥ ಚೂರುಪಾರು ಓದುವ ಕೆಲಸವೇ. "ನನ್ನದು ಹಳೇ ಸಾಟಾ 2, ಎಸ್‌ಎಸ್‌ಡಿ ಹಾಕಿ ಏನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ದಾರಿ. ಸಾಟಾ 2ರ ಮಿತಿ ಸೆಕೆಂಡಿಗೆ ಸುಮಾರು 300 ಎಂಬಿ. ದೊಡ್ಡ ಫೈಲ್ ಕಾಪಿ ಮಾಡುವಾಗ ಅದು ಅಡ್ಡ ಬರಬಹುದು. ದಿನದ ಬಳಕೆಯಲ್ಲಿ ಗೊತ್ತೇ ಆಗುವುದಿಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೇಳಿ ತನ್ನಿ. 256 ಜಿಬಿ ಮನೆಬಳಕೆಗೆ ಧಾರಾಳ.

ಆಮೇಲೆ ರ‍್ಯಾಮ್. ಕೊಳ್ಳುವ ಮುಂಚೆ ಒಳಗಿರುವ ಪಟ್ಟಿಯನ್ನು ಹೊರತೆಗೆದು ಅದರ ಮೇಲಿನ ಚೀಟಿಯ ಫೋಟೋ ತೆಗೆದುಕೊಳ್ಳಿ. ಡಿಡಿಆರ್2, ಡಿಡಿಆರ್3, ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚೇ ಬೇರೆ. ಮೋಸ ಹೋಗುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಕಚ್ಚು ಒಂದೇ, ವೋಲ್ಟೇಜ್ ಬೇರೆ. ಡಿಡಿಆರ್3 ನಡೆಯುವುದು 1.5 ವೋಲ್ಟಿನಲ್ಲಿ, ಎಲ್ ಇರುವುದು 1.35ರಲ್ಲಿ. ಎಲ್ ಪಟ್ಟಿಯನ್ನು 1.5ರ ಮಷೀನಿಗೆ ಹಾಕಿದರೆ ಸಾಮಾನ್ಯವಾಗಿ ನಡೆಯುತ್ತದೆ. ತಿರುಗಾಮುರುಗಾ ನಡೆಯುವುದಿಲ್ಲ. ಪಕ್ಕದ ಮನೆಯ ಅಕ್ಕನ ತೆಳ್ಳಗಿನ ಲ್ಯಾಪ್‌ಟಾಪಿಗೆ ನಾನು 1.5ರದ್ದು ತಂದು ಹಾಕಿ, ಸ್ಕ್ರೀನ್ ಕಪ್ಪಗೇ ಉಳಿದು, ಮತ್ತೆ ಎರಡು ಗಾಡಿ ಬದಲಾಯಿಸಿಕೊಂಡು ಗ್ರಾಂಟ್ ರೋಡಿಗೆ ಹೋಗಿ ಬಂದೆ. ತಪ್ಪು ನನ್ನದೇ, ಚೀಟಿ ಓದಿರಲಿಲ್ಲ. ಗೊತ್ತಾಗದಿದ್ದರೆ ಎಲ್ ಇರುವುದನ್ನೇ ಕೊಳ್ಳಿ.

ಇಂಟೆಲ್ 945 ಚಿಪ್‌ಸೆಟ್ಟಿನ ಮಷೀನ್ ಇದ್ದರೆ 4 ಜಿಬಿ ಹಾಕಿದರೂ ಮೂರು ಚಿಲ್ಲರೆ ಮಾತ್ರ ಕಾಣುತ್ತದೆ. ಅದು ಲಿನಕ್ಸಿನ ದೋಷ ಅಲ್ಲ, ಬೋರ್ಡಿನ ಮಿತಿ.

ಮುಂಬೈಯವರಿಗೆ ಇದೆಲ್ಲ ಸಿಗುವ ಜಾಗ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ್ ಎಂದಿರುತ್ತದೆ, ಹಾಗೆ ಕೇಳಿದರೆ ಟ್ಯಾಕ್ಸಿಯವರೂ ಮುಖ ಮುಖ ನೋಡುತ್ತಾರೆ. ಡೊಂಬಿವಲಿ, ಮುಲುಂಡ್, ಘಾಟ್ಕೋಪರ್ ಕಡೆಯವರು ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಸ್ಲೋ ಗಾಡಿ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಪೂರ್ವಕ್ಕೆ ಬಂದು ಸ್ವಲ್ಪ ನಡೆದರೆ ಸಾಕು. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಬೆಲೆ ಆಗಾಗ ಏರಿಳಿಯುತ್ತದೆ, ಮೂರು ಕಡೆಯಾದರೂ ಕೇಳಿ. ಪುಣೆಯಲ್ಲಿರುವವರಿಗೆ ಬುಧವಾರ ಪೇಠೆಯ ತಪ್ಕೀರ್ ಗಲ್ಲಿ ಇದೆ. ಬಳಸಿದ ರ‍್ಯಾಮ್ ಕೊಂಡರೂ ಪರವಾಗಿಲ್ಲ, ಮನೆಗೆ ಬಂದು ಒಂದು ರಾತ್ರಿ 'ಮೆಮ್‌ಟೆಸ್ಟ್' ಎಂಬ ಪರೀಕ್ಷೆ ಓಡಿಸಿ. ಬಳಸಿದ ಎಸ್‌ಎಸ್‌ಡಿ ಮಾತ್ರ ಬೇಡ. ಎಷ್ಟು ಸವೆದಿದೆ ಎಂದು ಅಂಗಡಿಯಲ್ಲಿ ನಿಂತು ತಿಳಿಯುವುದು ಕಷ್ಟ.

ಮುಚ್ಚಳ ಬಿಚ್ಚಿದ್ದೀರಲ್ಲ, ಫ್ಯಾನ್ ನೋಡಿ. ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲಿ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿಯ ಹಾಗೆ ಧೂಳು ಕೂತಿರುತ್ತದೆ. ಹೊರಗಿನಿಂದ ಊದಿದರೆ ಹೋಗುವುದಿಲ್ಲ, ಬ್ರಶ್‌ನಿಂದ ಎತ್ತಿ ತೆಗೆಯಬೇಕು. ಹೀಟ್‌ಸಿಂಕ್ (ಸಿಪಿಯು ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಬಿಚ್ಚಿದರೆ ಹಳೇ ಪೇಸ್ಟ್ ಒರೆಸಿ ಹೊಸ ಥರ್ಮಲ್ ಪೇಸ್ಟ್ ಹಾಕಿ, ಕಾಳುಮೆಣಸಿನಷ್ಟು ಸಾಕು. ಸಿಪಿಯು ಮಿತಿಗಿಂತ ಬಿಸಿಯಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಮಾತ್ರ ನಿಧಾನವಾಗುವ ಮಷೀನಿನ ರೋಗ ಇದೇ. 'ಎಲ್ಎಂ-ಸೆನ್ಸರ್ಸ್' ಹಾಕಿಕೊಂಡು 'ಸೆನ್ಸರ್ಸ್' ಕಮಾಂಡ್ ಕೊಟ್ಟರೆ ಬಿಸಿ ಎಷ್ಟೆಂದು ಕಾಣುತ್ತದೆ. ಶುಚಿ ಮಾಡುವ ಮೊದಲೊಮ್ಮೆ, ಆಮೇಲೊಮ್ಮೆ ನೋಡಿ.

ಮಳೆಗಾಲ ನಮ್ಮ ಕಡೆ ಇನ್ನೊಂದು ಕಾಟ. ನಾಲ್ಕು ತಿಂಗಳು ಮುಚ್ಚಿಟ್ಟ ಲ್ಯಾಪ್‌ಟಾಪ್ ಗಣಪತಿ ಹಬ್ಬದ ಹೊತ್ತಿಗೆ ಆನ್ ಮಾಡಿದರೆ ಬೀಪ್ ಬೀಪ್ ಅಂದು ಸುಮ್ಮನಾಗುತ್ತದೆ. ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ತೇವದಿಂದ ಪದರ ಕಟ್ಟಿರುತ್ತದೆ. ಪಟ್ಟಿ ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಚೂರು ಒರೆಸಿ ಮತ್ತೆ ಕೂರಿಸಿ. ರಿಪೇರಿ ಅಂಗಡಿಯಲ್ಲಿ ಮೊದಲು ಮಾಡುವುದೂ ಇದನ್ನೇ.

ನಾಣ್ಯದಂಥ ಸೆಲ್, ಸಿಆರ್2032, ಅದನ್ನೂ ಈಗಲೇ ಬದಲಿಸಿ. ಅದು ಸತ್ತಿದ್ದರೆ ಪ್ರತಿ ಸಲ ತಾರೀಖು ಹಳೇ ಕಾಲಕ್ಕೆ ಹೋಗುತ್ತದೆ. ಆಗ ಬ್ಯಾಂಕಿನ ಸೈಟು "ಸುರಕ್ಷಿತವಲ್ಲ" ಅನ್ನುತ್ತದೆ, ಅಪ್‌ಡೇಟ್ ಕೊಟ್ಟರೆ ಎರರ್ ಬರುತ್ತದೆ. ಜನ ವೈರಸ್ ಅಂದುಕೊಂಡು ಇಡೀ ಸಿಸ್ಟಮ್ ಫಾರ್ಮ್ಯಾಟ್ ಹೊಡೆಯುತ್ತಾರೆ! ಬ್ಯಾಟರಿ ಉಬ್ಬಿದ್ದರೆ ಒಡನೆ ಹೊರತೆಗೆಯಿರಿ, ಒತ್ತಬೇಡಿ, ಚುಚ್ಚಬೇಡಿ. ಬ್ಯಾಟರಿ ಬಿಚ್ಚಿಡಬಹುದಾದ ಹಳೇ ಲ್ಯಾಪ್‌ಟಾಪುಗಳು ಚಾರ್ಜರಿನಲ್ಲೇ ಚೆನ್ನಾಗಿ ನಡೆಯುತ್ತವೆ.

4. ಈಗ ಡಿಸ್ಟ್ರೋ

64 ಬಿಟ್, 4 ಜಿಬಿ ಅಥವಾ ಜಾಸ್ತಿ: ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿನ ಆವೃತ್ತಿ. ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಕ್ಕೆ 4 ಜಿಬಿ ಎಂದು ಅವರೇ ಹೇಳುತ್ತಾರೆ. 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಮನೆಯ ಹಿರಿಯರಿಗೆ ಕೊಡುವುದಾದರೆ ನಾನು ಬೇರೆ ಏನನ್ನೂ ಯೋಚಿಸುವುದಿಲ್ಲ. ಕೆಳಗೆ ಎಡಗಡೆ ಮೆನು ಇದೆ, ವಿಂಡೋಸ್ ಬಳಸಿದವರಿಗೆ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ.

64 ಬಿಟ್, 2 ಜಿಬಿ: ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪಿನ ಡೆಬಿಯನ್ ಅಥವಾ ಲುಬುಂಟು. ಡೆಬಿಯನ್ 12ರಿಂದ ವೈಫೈಗೆ ಬೇಕಾದ ಫರ್ಮ್‌ವೇರ್ ಇನ್‌ಸ್ಟಾಲರಿನಲ್ಲೇ ಇರುತ್ತದೆ. ಹಿಂದೆ ಅದಕ್ಕಾಗಿ ಒದ್ದಾಡಿದವರಿಗೆ ಈ ಸುಖ ಅರ್ಥವಾಗುತ್ತದೆ. ಉಬುಂಟು ಬಳಗದಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆಯೇ ಕಟ್ಟಿನ ರೂಪದಲ್ಲಿ ಬರುತ್ತದೆ. ಹಳೇ ಡಿಸ್ಕಿನಲ್ಲಿ ಅದರ ಮೊದಲ ಬಾರಿಯ ತೆರೆಯುವಿಕೆ ತಾಳ್ಮೆ ಪರೀಕ್ಷೆ. ಮಿಂಟ್‌ನಲ್ಲಿ ಆ ತೊಂದರೆ ಇಲ್ಲ.

ಆಂಟಿಎಕ್ಸ್, ಪಪ್ಪಿ ಇಂಥವು ಇನ್ನೂ ಹಗುರ. ಆಂಟಿಎಕ್ಸ್ ಐಸ್‌ಡಬ್ಲ್ಯೂಎಂ ಎಂಬ ಪುಟ್ಟ ವಿಂಡೋ ಮ್ಯಾನೇಜರ್ ಬಳಸುತ್ತದೆ, ನೂರಿನ್ನೂರು ಎಂಬಿಗಳಲ್ಲೇ ಕೂತುಬಿಡುತ್ತದೆ. ಆದರೆ ಸಿಸ್ಟಮ್ ಉಳಿಸಿಕೊಟ್ಟ 400 ಎಂಬಿಯನ್ನು ಬ್ರೌಸರಿನ ಎರಡು ಟ್ಯಾಬ್ ನುಂಗಿಬಿಡುತ್ತದೆ. 4 ಜಿಬಿ ಇರುವವರು ಇದರ ಹಿಂದೆ ಓಡಬೇಡಿ.

5. ಪೆನ್‌ಡ್ರೈವಿನಿಂದ ಓಡಿಸಿ ನೋಡಿ

8 ಜಿಬಿ ಪೆನ್‌ಡ್ರೈವ್ ಸಾಕು. ವಿಂಡೋಸ್ ಮಷೀನಿನಲ್ಲಿ ರೂಫಸ್ ಅಥವಾ ಎಚರ್ ಬಳಸಿ ಐಎಸ್ಒ (ಡಿಸ್ಟ್ರೋದ ಡೌನ್‌ಲೋಡ್ ಫೈಲ್) ಬರೆಯಿರಿ. ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ, ಕಂಪನಿಗೊಂದು ಕೀಲಿ.

ಲೈವ್‌ನಲ್ಲಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಲ್ಲೇ, ಐದು ನಿಮಿಷ ಕಳೆಯಿರಿ. ವೈಫೈ ಸಿಗುತ್ತದಾ, ಸದ್ದು ಬರುತ್ತದಾ, ಬೆಳಕು ಕಡಿಮೆ ಜಾಸ್ತಿ ಆಗುತ್ತದಾ, ಮುಚ್ಚಿ ತೆರೆದರೆ ಎಚ್ಚರವಾಗುತ್ತದಾ. ಕೊನೆಯದನ್ನು ಬಿಡಬೇಡಿ, ಹಳೇ ಎನ್‌ವಿಡಿಯಾ ಚಿಪ್ ಇರುವ ಮಷೀನುಗಳು ಮಲಗಿ ಏಳದೇ ಹೋಗುವುದು ಇಲ್ಲೇ ಗೊತ್ತಾಗುತ್ತದೆ. ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ. ಯುಎಸ್‌ಬಿ 2ರಿಂದ ಓಡುತ್ತಿರುವುದರಿಂದ ಎಲ್ಲವೂ ಆಮೆಯೇ.

ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಷನ್ (ಡಿಸ್ಕಿನಲ್ಲಿರುವುದಕ್ಕೆ ಪಾಸ್‌ವರ್ಡಿನ ಬೀಗ) ಬೇಕಾ ಎಂದು ಕೇಳುತ್ತದೆ. ಕೋರ್ 2 ಡ್ಯುಯೋ ಮತ್ತು ದೊಡ್ಡಪ್ಪನದ್ದರಂಥ ಹಳೇ ಐ3ಗಳಲ್ಲಿ ಅದನ್ನು ಬೇಗ ಮಾಡುವ ವಿಶೇಷ ಸೂಚನೆಗಳೇ ಇಲ್ಲ, ಎಲ್ಲ ಭಾರ ಸಿಪಿಯು ಮೇಲೆ. ಮನೆ ಬಿಟ್ಟು ಹೊರಡದ ಮಷೀನಿಗೆ ಬೇಡ ಎಂದೇ ನಾನು ಹೇಳುತ್ತೇನೆ. ಲೋಕಲ್‌ನಲ್ಲಿ ಹೊತ್ತು ತಿರುಗುವವರು ನಿಧಾನವನ್ನು ಸಹಿಸಿಕೊಂಡು ಹಾಕಿಕೊಳ್ಳಿ.

6. ಹಾಕಿದ ಮೇಲೆ ಮೂರು ಕೆಲಸ

ಒಂದು, ಝಡ್‌ರ‍್ಯಾಮ್. ರ‍್ಯಾಮ್ ತುಂಬಿದಾಗ ಲಿನಕ್ಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸುತ್ತದೆ, ಅದೇ ಸ್ವಾಪ್. ಡಿಸ್ಕ್ ದೂರದ ಗೋದಾಮು ಇದ್ದಂತೆ, ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಝಡ್‌ರ‍್ಯಾಮ್ ಏನು ಮಾಡುತ್ತದೆ ಅಂದರೆ, ಬೇಡದ್ದನ್ನು ಒತ್ತಿ ಮಡಚಿ ರ‍್ಯಾಮಿನ ಒಂದು ಮೂಲೆಯಲ್ಲೇ ಇಡುತ್ತದೆ. ಒನ್ ರೂಮ್ ಕಿಚನ್‌ನಲ್ಲಿ ಸಂಸಾರ ಮಾಡುವವರಿಗೆ ಬಿಡಿಸಿ ಹೇಳಬೇಕಾ, ಹಾಸಿಗೆ ಸುತ್ತಿ ಮಂಚದ ಕೆಳಗೆ ತಳ್ಳುವ ಲೆಕ್ಕ.

ಮಿಂಟ್, ಡೆಬಿಯನ್ ಎರಡರಲ್ಲೂ 'ಝಡ್‌ರ‍್ಯಾಮ್-ಟೂಲ್ಸ್' ಪ್ಯಾಕೇಜನ್ನು ಸಿನಾಪ್ಟಿಕ್ ಎಂಬ ಪ್ಯಾಕೇಜ್ ಮ್ಯಾನೇಜರಿನಿಂದ ಹಾಕಿಕೊಳ್ಳಿ. 'ಇಟಿಸಿ' ಫೋಲ್ಡರಿನ 'ಡೀಫಾಲ್ಟ್' ಒಳಗೆ 'ಝಡ್‌ರ‍್ಯಾಮ್‌ಸ್ವಾಪ್' ಎಂಬ ಫೈಲ್ ಇರುತ್ತದೆ. ಅದರಲ್ಲಿ ಪರ್ಸೆಂಟ್ 50 ಎಂಬ ಸಾಲಿನ ಮುಂದಿನ ಹ್ಯಾಶ್ ಗುರುತು ಅಳಿಸಿ. ಆಲ್ಗೋ ಎಂಬ ಸಾಲಿನಲ್ಲಿ ಹಳೇ ಸಿಪಿಯುಗೆ ಎಲ್‌ಝಡ್4 ಇಡಿ. ಝಡ್‌ಎಸ್‌ಟಿಡಿ ಇನ್ನೂ ಗಟ್ಟಿಯಾಗಿ ಮಡಚುತ್ತದೆ, ಆದರೆ ಸಿಪಿಯುಗೆ ಕೆಲಸ ಜಾಸ್ತಿ. ರೀಸ್ಟಾರ್ಟ್ ಮಾಡಿ 'ಝಡ್‌ರ‍್ಯಾಮ್‌ಸಿಟಿಎಲ್' ಕೊಟ್ಟರೆ ಕೆಲಸ ಮಾಡುತ್ತಿದೆಯೇ ಎಂದು ಕಾಣುತ್ತದೆ. ಡಿಸ್ಕಿನ ಸ್ವಾಪ್ ತೆಗೆಯಬೇಡಿ, ಅದು ಹಿಂದೆ ಇರಲಿ. 'ಸ್ವಾಪಿನೆಸ್' (ಸ್ವಾಪ್ ಎಷ್ಟು ಧಾರಾಳವಾಗಿ ಬಳಸಬೇಕೆಂಬ ಅಂಕಿ) 10ಕ್ಕೆ ಇಳಿಸಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅದು ಹಾರ್ಡ್‌ಡಿಸ್ಕ್ ಸ್ವಾಪಿನ ಕಾಲದ್ದು. ಝಡ್‌ರ‍್ಯಾಮ್ ಇದ್ದಾಗ ಮೂಲದ 60ರಿಂದ 100ಕ್ಕೆ ಏರಿಸುವುದೇ ಸರಿ.

ಎರಡು, 'ಅರ್ಲಿಊಮ್'. ಹಾಕಿದರೆ ಮುಗಿಯಿತು, ಏನೂ ಬದಲಿಸಬೇಕಿಲ್ಲ. ರ‍್ಯಾಮೂ ಸ್ವಾಪೂ ಎರಡೂ ಹತ್ತನೇ ಒಂದು ಪಾಲಿಗಿಂತ ಕಡಿಮೆ ಉಳಿದಾಗ, ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಮನ್ನು ಮುಚ್ಚಿಬಿಡುತ್ತದೆ. ಒಂದು ಟ್ಯಾಬ್ ಹೋಗುತ್ತದೆ, ಮಷೀನ್ ಉಳಿಯುತ್ತದೆ. ಮೌಸೂ ಅಲ್ಲಾಡದೆ ಪವರ್ ಬಟನ್ ಒತ್ತಿ ಹಿಡಿಯುವುದಕ್ಕಿಂತ ಇದು ವಾಸಿ ಅಲ್ವಾ?

ಮೂರು, ಶುರುವಿನಲ್ಲೇ ಏಳುವ ಸಾಮಾನು. 'ಸೆಷನ್ ಅಂಡ್ ಸ್ಟಾರ್ಟ್‌ಅಪ್' ತೆರೆದು ಬ್ಲೂಟೂತ್, ಪ್ರಿಂಟರ್ ಇಂಥ ಬೇಡದವುಗಳ ಗುರುತು ತೆಗೆಯಿರಿ. ಏನೆಂದು ಗೊತ್ತಿಲ್ಲದ್ದನ್ನು ಮುಟ್ಟಬೇಡಿ. 'ವಿಂಡೋ ಮ್ಯಾನೇಜರ್ ಟ್ವೀಕ್ಸ್'ನಲ್ಲಿ ಕಂಪೋಸಿಟರ್ (ಕಿಟಕಿಗಳಿಗೆ ನೆರಳು, ಪಾರದರ್ಶಕತೆ ಕೊಡುವ ಭಾಗ) ಆಫ್ ಮಾಡಿದರೆ ದುರ್ಬಲ ಗ್ರಾಫಿಕ್ಸಿನ ಮಷೀನ್ ಸ್ವಲ್ಪ ಚುರುಕಾಗುತ್ತದೆ. ವಿಡಿಯೋ ನಡುವೆ ಗೆರೆ ಬಿದ್ದಂತೆ ಕಂಡರೆ ಮತ್ತೆ ಆನ್ ಮಾಡಿ.

ರ‍್ಯಾಮ್ ಖಾಲಿ ಮಾಡುವ ಸ್ಕ್ರಿಪ್ಟ್‌ಗಳ ಬಗ್ಗೆ ಒಂದು ಮಾತು. ಬೇಡ. ಖಾಲಿ ಇರುವ ರ‍್ಯಾಮಿನಲ್ಲಿ ಲಿನಕ್ಸ್ ಡಿಸ್ಕಿನಿಂದ ಓದಿದ್ದನ್ನು ಇಟ್ಟುಕೊಂಡಿರುತ್ತದೆ, ಕೇಳಿದವರಿಗೆ ಬಿಟ್ಟುಕೊಡುತ್ತದೆ. 'ಫ್ರೀ' ಕಮಾಂಡ್ ಕೊಟ್ಟಾಗ 'ಅವೈಲಬಲ್' ಎಂಬ ಕಾಲಮ್ ನೋಡಿ. 'ಫ್ರೀ' ಕಾಲಮ್ ನೋಡಿ ಗಾಬರಿಯಾಗುವವರೇ ಜಾಸ್ತಿ.

7. ಬ್ರೌಸರ್, ನಿಜವಾದ ಹೊಟ್ಟೆಬಾಕ

ಫೈರ್‌ಫಾಕ್ಸ್ ಇಟ್ಟುಕೊಳ್ಳಿ, ಮೊದಲ ಕೆಲಸವಾಗಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಆ್ಯಡ್‌ಆನ್ ಹಾಕಿ. ಸುದ್ದಿ ಸೈಟುಗಳಲ್ಲಿ ಓದುವುದು ಒಂದು ಪುಟ, ಇಳಿಯುವುದು ಜಾಹೀರಾತು, ತಾನಾಗೇ ಓಡುವ ವಿಡಿಯೋ, ಹಿಂಬಾಲಿಸುವ ಸ್ಕ್ರಿಪ್ಟ್. ಅವು ಬರದಿದ್ದರೆ ರ‍್ಯಾಮೂ ಉಳಿಯುತ್ತದೆ, ಸಿಪಿಯು ಕೂಡ. ಕ್ರೋಮ್‌ನಲ್ಲಿ 2025ರಿಂದ ಪೂರ್ತಿ ಯುಬ್ಲಾಕ್ ಒರಿಜಿನ್ ನಡೆಯುವುದಿಲ್ಲ. ಹಳೇ ಮಷೀನಿಗೆ ಫೈರ್‌ಫಾಕ್ಸೇ ಇರಲಿ ಎನ್ನಲು ನನಗೆ ಈ ಒಂದು ಕಾರಣ ಸಾಕು.

ಇನ್ನು ದೊಡ್ಡಪ್ಪನ ಯಕ್ಷಗಾನ. ಚೆಂಡೆ ಒಂದು ಕಡೆ, ಕುಣಿತ ಇನ್ನೊಂದು ಕಡೆ ಆಗುತ್ತಿತ್ತು. ಕಾರಣ ಇಷ್ಟೇ. ಯೂಟ್ಯೂಬ್ ಸಾಧಾರಣವಾಗಿ ವಿಪಿ9 ಅಥವಾ ಎವಿ1 ಎಂಬ ರೂಪದಲ್ಲಿ ವಿಡಿಯೋ ಕಳಿಸುತ್ತದೆ. 2012ರ ಗ್ರಾಫಿಕ್ಸ್ ಚಿಪ್ಪಿಗೆ ಅವನ್ನು ಬಿಡಿಸುವುದು ಗೊತ್ತಿಲ್ಲ, ಎಲ್ಲ ಸಿಪಿಯು ತಲೆಗೆ. ಎಚ್.264 ಮಾತ್ರ ಅದಕ್ಕೆ ಬರುತ್ತದೆ. 'ಎನ್‌ಹಾನ್ಸ್‌ಡ್ ಎಚ್264ಇಫೈ' ಎಂಬ ಆ್ಯಡ್‌ಆನ್ ಹಾಕಿದರೆ ಯೂಟ್ಯೂಬ್ ಎಚ್.264 ಕಳಿಸುತ್ತದೆ. ಇಂಟೆಲ್ ಗ್ರಾಫಿಕ್ಸ್ ಇದ್ದರೆ 'ಐ965-ವಿಎ-ಡ್ರೈವರ್' ಪ್ಯಾಕೇಜೂ ಇರಲಿ. 720ಕ್ಕೆ ಇಟ್ಟುಕೊಳ್ಳಿ, ಕೋರ್ 2 ಡ್ಯುಯೋ ಆದರೆ 480. ಬಣ್ಣದ ವೇಷ ಎರಡರಲ್ಲೂ ಚೆನ್ನಾಗೇ ಕಾಣುತ್ತದೆ.

ಟ್ಯಾಬ್ ಹತ್ತು ತೆರೆದಿಡುವ ಅಭ್ಯಾಸ ಬಿಡಿಸುವುದು ಕಷ್ಟ. ನಾನು ಸೋತಿದ್ದೇನೆ. ವಿಳಾಸದ ಜಾಗದಲ್ಲಿ 'ಅಬೌಟ್:ಅನ್‌ಲೋಡ್ಸ್' ಎಂದು ಕೊಟ್ಟರೆ ಒಂದು ಬಟನ್ ಬರುತ್ತದೆ. ಒತ್ತಿದಷ್ಟು ಸಲ ಹಳೇ ಟ್ಯಾಬ್‌ಗಳನ್ನು ರ‍್ಯಾಮಿನಿಂದ ಇಳಿಸುತ್ತದೆ, ಟ್ಯಾಬ್ ಮಾತ್ರ ಅಲ್ಲೇ ಇರುತ್ತದೆ. ಅದನ್ನು ಬುಕ್‌ಮಾರ್ಕ್ ಮಾಡಿ ಕೊಟ್ಟಿದ್ದೇನೆ.

ಕಟ್ಟಡದಲ್ಲಿ ಮನೆಗೊಂದು ರೌಟರ್ ಇರುವ ನಮ್ಮ ಊರುಗಳಲ್ಲಿ ಹಳೇ ಲ್ಯಾಪ್‌ಟಾಪಿನ 2.4 ಗಿಗಾಹರ್ಟ್ಸ್ ವೈಫೈ ಸಂತೆಯಲ್ಲಿ ಮಾತಾಡಿದಂತೆ. ಹತ್ತು ಅಡಿ ಲ್ಯಾನ್ ವೈರ್ ಎಳೆದರೆ "ಇಂಟರ್ನೆಟ್ ನಿಧಾನ" ಎಂಬ ದೂರು ಅರ್ಧ ನಿಲ್ಲುತ್ತದೆ.

8. ಕನ್ನಡ

ಮಿಂಟ್‌ನ 'ಇನ್‌ಪುಟ್ ಮೆಥಡ್' ತೆರೆದು ಕನ್ನಡ ಟೈಪ್ ಮಾಡಲು ಬೇಕಾದ ಐಬಸ್ ಮತ್ತು ಅದರ ಎಂ17ಎನ್ ಭಾಗ ಹಾಕಿಕೊಳ್ಳಿ. ಲಾಗ್‌ಔಟ್ ಆಗಿ ಬಂದರೆ ಕನ್ನಡದ ಪಟ್ಟಿಯಲ್ಲಿ 'ಕೆಜಿಪಿ' ಸಿಗುತ್ತದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ವಿನ್ಯಾಸ. ಫಾಂಟಿಗೆ 'ಫಾಂಟ್ಸ್-ಕೆಎನ್‌ಡಿಎ' ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಬರುತ್ತವೆ.

ಹಳೇ ನುಡಿ, ಬರಹದಲ್ಲಿ ಟೈಪ್ ಮಾಡಿಟ್ಟ ಫೈಲ್ ತೆರೆದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣಬಹುದು. ಲಿನಕ್ಸ್ ಕೆಡಿಸಿತು ಅಂದುಕೊಳ್ಳಬೇಡಿ. ಅವು ಯೂನಿಕೋಡ್ ಅಲ್ಲ, ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ವಿಂಡೋಸ್ ಅಳಿಸುವ ಮುಂಚೆಯೇ ಮಾಡಿಕೊಂಡರೆ ತಲೆನೋವು ಕಡಿಮೆ.

9. 32 ಬಿಟ್ ಮಷೀನಿದ್ದರೆ

ಸಿಹಿ ಮಾತಾಡಿ ಪ್ರಯೋಜನವಿಲ್ಲ, ಬಾಗಿಲುಗಳು ಮುಚ್ಚುತ್ತಿವೆ. ಕ್ರೋಮ್ 32 ಬಿಟ್ ಲಿನಕ್ಸನ್ನು 2016ರಲ್ಲೇ ಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಇಲ್ಲ. ಫೈರ್‌ಫಾಕ್ಸ್ 144ಕ್ಕೆ ನಿಲ್ಲಿಸಿತು. ದೀರ್ಘ ಬೆಂಬಲದ 140ರ ಸರಣಿಗೆ 2026ರ ಸೆಪ್ಟೆಂಬರ್‌ವರೆಗೆ ಮಾತು ಕೊಟ್ಟಿದೆ.

ಉಳಿದಿರುವುದರಲ್ಲಿ ನಾನು ಹೇಳುವುದು ಡೆಬಿಯನ್ 12, ಮತ್ತು ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23. ಡೆಬಿಯನ್ 12ಕ್ಕೆ ದೀರ್ಘ ಬೆಂಬಲ 2028ರ ಜೂನ್‌ವರೆಗೆ. ಅಷ್ಟರವರೆಗೆ ಎನ್270 ನೆಟ್‌ಬುಕ್‌ನಲ್ಲಿ ಬರವಣಿಗೆ, ಹಾಡು ಕೇಳುವುದು, ಮಕ್ಕಳಿಗೆ ಟರ್ಮಿನಲ್ ಕಲಿಸುವುದು ನಡೆಯಲಿ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ.

ಪೆಂಟಿಯಂ 4 ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ನನ್ನ ಸಲಹೆ ಒಂದೇ: ಬಿಡಿ. ಕೆಲವು ಪೆಂಟಿಯಂ 4ಗಳ ಸಿಪಿಯು ಒಂದೇ 100 ವಾಟ್ ದಾಟುತ್ತದೆ. ದಿನವಿಡೀ ಓಡಿಸಿದರೆ ಕರೆಂಟ್ ಬಿಲ್ಲೇ ಹೇಳುತ್ತದೆ. ಭಂಗಾರ್‌ನವನಿಗೆ, ಅಂದರೆ ಗುಜರಿಯವನಿಗೆ, ತೂಕಕ್ಕೆ ಹಾಕಬೇಡಿ, ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಕೊಡುವ ಮುಂಚೆ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ.

10. ಆಮೇಲಿನ ವರ್ಷಗಳು

ವಾರಕ್ಕೊಮ್ಮೆ ಅಪ್‌ಡೇಟ್. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರಿನ ಪ್ರಿಫರೆನ್ಸಸ್‌ನಲ್ಲಿ ಹಳೇ ಕರ್ನಲ್ ತಾನಾಗೇ ತೆಗೆಯುವಂತೆ ಗುರುತು ಹಾಕಿ. ಇಲ್ಲದಿದ್ದರೆ ಸಣ್ಣ ಡಿಸ್ಕ್ ಅವುಗಳಿಂದಲೇ ತುಂಬುತ್ತದೆ. ಸಿಸ್ಟಮ್ಮಿನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್‌ನಲ್ಲಿ ಎರಡೇ ಪ್ರತಿ ಇರಲಿ. ಹೊಸ ಆವೃತ್ತಿ ಬಂತೆಂದು ಮೊದಲ ವಾರವೇ ಹಾರಬೇಡಿ, ಹಳೇ ಹಾರ್ಡ್‌ವೇರಿನ ತೊಂದರೆಗಳು ಹೊರಬರಲು ಎರಡು ಮೂರು ತಿಂಗಳು ಬೇಕು. ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೆ ಅರ್ಧ ಗಂಟೆ ಓಡಿಸಿ, ಒಳಗಿನ ತೇವ ಆರಲಿ.

ಕೊನೆಗೆ ಒಂದು ತುಂಡು ಬಿಳಿ ಟೇಪ್ ಅಡಿಗೆ ಅಂಟಿಸಿ. ಡಿಸ್ಟ್ರೋ ಹೆಸರು, ಬೆಂಬಲ ಮುಗಿಯುವ ವರ್ಷ, ರ‍್ಯಾಮಿನ ಜಾತಿ, ಪೇಸ್ಟ್ ಹಾಕಿದ ತಾರೀಖು ಅದರ ಮೇಲೆ ಬರೆಯಿರಿ. ಮುಂದಿನ ಸಲ ಬಿಚ್ಚುವವರು ನೀವೇ ಆದರೂ ನಿಮಗೆ ನೆನಪಿರುವುದಿಲ್ಲ. ದೊಡ್ಡಪ್ಪನ ಲ್ಯಾಪ್‌ಟಾಪಿನ ಅಡಿಯಲ್ಲಿ ಈಗ "ಮಿಂಟ್ 22, 2029, ಡಿಡಿಆರ್3ಎಲ್ 8 ಜಿಬಿ" ಎಂದಿದೆ. ಅದರ ಕೆಳಗೆ ಅವರು ತಮ್ಮ ಲೆಕ್ಕದ ಅಕ್ಷರದಲ್ಲಿ ಖರ್ಚನ್ನೂ ಬರೆದಿಟ್ಟಿದ್ದಾರೆ, ಟೇಪಿನ ಬೆಲೆ ಸಹಿತ.